ಬಚ್ಚಲ ಒಲೆಯಲ್ಲಿ ಸೀಸ ಕಾಯಿಸಿದ್ದು ಸಾಕು

ಯಲ್ಲಾಪುರ, ಸಿರ್ಸಿ, ಸಿದ್ದಾಪುರ ಮೂರೂ ತಾಲೂಕಿನಲ್ಲಿ ತೋಟಕ್ಕೂ ಕಾಡಿಗೂ ನಡುವೆ ಇರೋದು ಒಂದು ಸೊಪ್ಪಿನ ಬೆಟ್ಟ, ಅಷ್ಟೆ. ನಮ್ಮ ಇಡಗುಂದಿಯಲ್ಲಂತೂ ಅದೂ ಇದೆಯೋ ಇಲ್ಲವೋ ಅನ್ನುವ ಹಾಗೆ. ಮಂಗ ಎಳೆ ಅಡಿಕೆ ಚೀಪಿ ಎಸೆಯುತ್ತದೆ, ಬಾಳೆಗೊನೆ ಮುಗಿಸುತ್ತದೆ. ಹಂದಿ ಗದ್ದೆ ಮಗುಚುತ್ತದೆ. ಹಾಗಾಗಿ ಬೆಳೆ ರಕ್ಷಣೆಯ ಕೋವಿ ಇಲ್ಲಿ ಬಹಳ ಮನೆಗಳಲ್ಲಿದೆ. ಕೋವಿ ಬೇಕೋ ಬೇಡವೋ ಅಂತ ನಾನು ಈ ವಾರ ಚರ್ಚೆ ಮಾಡ್ತಾ ಇಲ್ಲ. ಕೋವಿಯೊಳಗೆ ಹೋಗುವ ಗುಂಡು ಮನೆಯ ಯಾವ ಮೂಲೆಯಲ್ಲಿ ತಯಾರಾಗ್ತದೆ ಅನ್ನೋದಷ್ಟೇ ನನ್ನ ವಿಷಯ.

ನಮ್ಮ ಕಡೆಯ ಹೆಚ್ಚಿನವು ಬಾಯಿಯಿಂದ ಮದ್ದು ತುಂಬಿ, ಕೇಪು ಇಟ್ಟು ಹೊಡೆಯುವ ಹಳೇ ಕೋವಿಗಳು. ಒಂದೊಂದರ ನಳಿಗೆ ಒಂದೊಂದು ಅಳತೆ. ಒಂದರ ಗುಂಡು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಹಳೇ ಮನೆಗಳಲ್ಲಿ ಕೋವಿಯ ಜೊತೆಗೆ ಇಕ್ಕಳದಂಥ ಒಂದು ಅಚ್ಚು ಕೂಡ ಅಜ್ಜನಿಂದ ಮೊಮ್ಮಗನಿಗೆ ಬಂದಿರುತ್ತದೆ. ಇದೇನೂ ನಮ್ಮೂರಿನದೇ ಪದ್ಧತಿಯಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಕೇಪಿನ ರಿವಾಲ್ವರುಗಳ ಪೆಟ್ಟಿಗೆಯಲ್ಲೂ ಗುಂಡಿನ ಅಚ್ಚು ಇಟ್ಟೇ ಮಾರುತ್ತಿದ್ದರು. ಅಲ್ಲಿ ಹವ್ಯಾಸಕ್ಕೆ ಇವತ್ತಿಗೂ ಗುಂಡು ಎರೆಯುವವರಿದ್ದಾರೆ. ಆದರೆ ಅವರಲ್ಲಿ ತಿಳಿದವರು ಮನೆಯಿಂದ ದೂರ, ಗಾಳಿ ಆಡುವ ಜಾಗದಲ್ಲಿ, ಉಷ್ಣತೆ ಹಿಡಿತದಲ್ಲಿರುವ ಪಾತ್ರೆಯಲ್ಲಿ ಆ ಕೆಲಸ ಮಾಡ್ತಾರೆ. ಆ ಬಟ್ಟೆಯಲ್ಲಿ ಮನೆಯೊಳಗೆ ಬರುವುದಿಲ್ಲ. ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಆಗಾಗ ಪರೀಕ್ಷೆ ಮಾಡಿಸಿಕೊಳ್ತಾರೆ. ನಮ್ಮಲ್ಲಿ? ಬಚ್ಚಲ ಒಲೆ, ತೂತು ಬಿದ್ದ ಬಾಣಲೆ, ಬಲೆಗೆ ಕಟ್ಟುವ ಸೀಸದ ತುಂಡು ಅಥವಾ ಒಡೆದ ಬ್ಯಾಟರಿ, ಸುತ್ತ ನೋಡುತ್ತ ಕೂತ ಮಕ್ಕಳು.

ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸೌದೆ ಒಲೆ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾಗುತ್ತದೆ, ಮತ್ತು ಅದು ನಮ್ಮ ಹಿಡಿತದಲ್ಲಿಲ್ಲ. ಬಿಸಿ ಏರಿದಷ್ಟೂ ಹೊಗೆ ಹೆಚ್ಚು. ಅದಕ್ಕಿಂತ ಮುಖ್ಯ, ಕರಗಿದ ಸೀಸದ ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟ. ಅದನ್ನು ಸೌಟಿನಲ್ಲಿ ಕೆರೆದು ಪಕ್ಕಕ್ಕೆ ಹಾಕ್ತಾರಲ್ಲ, ಅದು ಒಣಗಿ ನುಣ್ಣನೆ ಪುಡಿಯಾಗ್ತದೆ. ಕೈಗೆ ಹತ್ತಿ ಕವಳದ ಜೊತೆ ಬಾಯಿಗೆ ಹೋಗುವುದು ಅದೇ. ಬ್ಯಾಟರಿಯ ಸೀಸ ಇನ್ನೂ ಕೆಟ್ಟದ್ದು. ಅದರ ತಗಡಿನಲ್ಲಿ ಸೀಸದ ಜೊತೆ ಆಮ್ಲವೂ ಬೇರೆ ವಿಷದ ಲೋಹಗಳೂ ಸೇರಿರುತ್ತವೆ. ಇನ್ನು ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಸಾಕು, ಅದು ಸಿಡಿದು ಮುಖಕ್ಕೇ ಬರ್ತದೆ. ನೀರು ಚೆಲ್ಲಾಡುವ ಬಚ್ಚಲಿಗಿಂತ ಅಪಾಯದ ಜಾಗ ಇದಕ್ಕೆ ಇನ್ನೊಂದಿಲ್ಲ.

ಈಗ ಒಲೆಯ ಬೂದಿಯ ಕಡೆ ನೋಡಿ. ಬಚ್ಚಲ ಬೂದಿಯನ್ನು ನಾವು ಏನು ಮಾಡ್ತೇವೆ? ಬಸಳೆ ಬುಡಕ್ಕೆ ಹಾಕ್ತೇವೆ, ಗೊಬ್ಬರಗುಂಡಿಗೆ ಸುರಿಯುತ್ತೇವೆ, ಕೆಲವು ಮನೆಗಳಲ್ಲಿ ಇನ್ನೂ ಪಾತ್ರೆ ತಿಕ್ಕುತ್ತಾರೆ. ಕಿಟ್ಟ ಬಿದ್ದ ಬೂದಿ ಅಂದರೆ ಸೀಸ ಬೆರೆತ ಬೂದಿ. ಬೇರೆ ವಿಷ ಕೊಳೆತು ಹೋಗುತ್ತದೆ, ಸೀಸ ಕೊಳೆಯುವುದಿಲ್ಲ. ಮೇಲ್ಮಣ್ಣಿನಲ್ಲೇ ತಲೆಮಾರುಗಟ್ಟಲೆ ಕೂತಿರುತ್ತದೆ. ನಮ್ಮ ಮಲೆನಾಡಿನ ಹುಳಿ ಮಣ್ಣಿನಲ್ಲಿ ಅದು ಸುಲಭವಾಗಿ ಕರಗಿ ಬೇರಿಗೆ ಸಿಗುತ್ತದೆ. ಹೆದರಿಸಲಿಕ್ಕೆ ಹೇಳ್ತಾ ಇಲ್ಲ: ಅಡಿಕೆ, ತೆಂಗಿನಂಥ ಮರದ ಕಾಯಿಗೆ ಸೀಸ ಏರುವುದು ಬಹಳ ಕಡಿಮೆ. ತೊಂದರೆ ಇರೋದು ಸೊಪ್ಪು, ಗಡ್ಡೆ ಮತ್ತು ಅವಕ್ಕೆ ಅಂಟಿದ ಮಣ್ಣಿನಲ್ಲಿ. ಅಂದರೆ ನಾವು ಮಾರುವುದರಲ್ಲಿ ಅಲ್ಲ, ನಮ್ಮ ಮನೆಯವರು ತಿನ್ನುವುದರಲ್ಲಿ. ಯೂರಿಯಾ ಮುಟ್ಟುವುದಿಲ್ಲ, ಕಳೆನಾಶಕ ಹೊಡೆಯುವುದಿಲ್ಲ ಎಂದು ಹೆಮ್ಮೆಪಡುವ ಸಾವಯವದವರು ನಾವು. ಹಿತ್ತಲಿಗೆ ಸೀಸ ಸುರಿದುಕೊಂಡರೆ ಆ ಹೆಮ್ಮೆಗೆ ಏನು ಅರ್ಥ?

ಈ ಮಾತು ತೆಗೆದರೆ ಹಿರಿಯರು ಹೇಳೋದು ಒಂದೇ: "ಎಂತೂ ಆಜಿಲ್ಲೆ ತಮಾ." ಆಗಿಲ್ಲ ಅಂತ ಗೊತ್ತಾಗೋದು ಹೇಗೆ? ಸೀಸ ಹಾವಿನ ಹಾಗೆ ಕಚ್ಚಿ ಕೊಲ್ಲುವುದಿಲ್ಲ. ಎಲುಬಿನಲ್ಲಿ ಸೇರಿ ವರ್ಷಗಟ್ಟಲೆ ಕೂರುತ್ತದೆ. ದೊಡ್ಡವರಲ್ಲಿ ಬಿ.ಪಿ. ಏರಿಸುತ್ತದೆ, ಕಿಡ್ನಿ ಕೆಡಿಸುತ್ತದೆ. ಬಿ.ಪಿ. ಬಂದರೆ ವಯಸ್ಸಾಯ್ತು ಅಂತೇವೆ, ಅಚ್ಚಿನ ನೆನಪು ಯಾರಿಗೂ ಬರುವುದಿಲ್ಲ. ಬಸುರಿಯ ಎಲುಬಿನ ಸೀಸ ಹೊಟ್ಟೆಯ ಕೂಸಿಗೂ ಹೋಗುತ್ತದೆ. ಬಾಯಿಗೆ ಹೋದ ಅಷ್ಟೇ ಸೀಸದಲ್ಲಿ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಚಿಕ್ಕ ಮಕ್ಕಳ ಮೈ ಹೀರಿಕೊಳ್ಳುತ್ತದೆ. ಇಷ್ಟರವರೆಗೆ ಅಡ್ಡಿಯಿಲ್ಲ ಎನ್ನುವ ಸುರಕ್ಷಿತ ಮಿತಿಯೇ ಸೀಸಕ್ಕೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗು ಓದಿನಲ್ಲಿ ಹಿಂದೆ ಬಿದ್ದರೆ ನಾವು ಬೈಯುವುದು ಮೊಬೈಲನ್ನ.

ಕಾನೂನಿನ ಮಾತು ಬೇರೆ ಇದೆ. ಕೊಡಗಿನವರಿಗೆ ಸಿಕ್ಕ ವಿನಾಯಿತಿ ನಮಗಿಲ್ಲ, ನಮ್ಮದು ಲೈಸೆನ್ಸಿನ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಎಂದರೆ ಅದರ ಬಿಡಿಭಾಗಗಳೂ ತಯಾರಿಸುವ ಯಂತ್ರವೂ ಸೇರಿ. ಕೋವಿ ಇಟ್ಟುಕೊಳ್ಳುವ ಲೈಸೆನ್ಸು ಮದ್ದುಗುಂಡು ತಯಾರಿಸುವ ಲೈಸೆನ್ಸ್ ಅಲ್ಲ. ಮನೆಯಲ್ಲಿ ಮದ್ದು ಅರೆಯುವುದು 1884ರ ಸ್ಫೋಟಕ ಕಾಯ್ದೆಯ ಕೆಳಗೂ ಅಪರಾಧ. ಇನ್ನು ಪ್ರಾಣಿಗಳ ವಿಷಯ. 2022ರ ತಿದ್ದುಪಡಿಯ ನಂತರ ನಮ್ಮ ಕೆಂಪುಮೂತಿ ಮಂಗ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹಂದಿ ಎರಡನೆಯದರಲ್ಲಿದೆ. ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲಿಕ್ಕೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಹಾಗಾದರೆ ದಿನನಿತ್ಯ ಕೋವಿಯಿಂದ ನಾವು ಮಾಡಬಹುದಾದ್ದು ಸದ್ದು ಮಾತ್ರ. ಸದ್ದಿಗೆ ಸೀಸ ಬೇಡವೇ ಬೇಡ. ಮದ್ದೊಂದೇ ಸಾಕು. ಬೆಟ್ಟದಲ್ಲಿ ಸೊಪ್ಪು ಕಡಿಯುವವರು, ದನ ಮೇಯಿಸುವವರು ಇರುವಾಗ ಗುಂಡಿಲ್ಲದ ಈಡೇ ಎಲ್ಲರಿಗೂ ಕ್ಷೇಮ.

ಹೀಗೆ ಹೇಳಿದ ಕೂಡಲೇ, ಮಂಗ ಸದ್ದಿಗೆ ಹೆದರುವುದು ನಾಲ್ಕು ದಿನ, ಆಮೇಲೆ ಕೋವಿ ಮುಂದೆಯೇ ಕೂತು ಅಡಿಕೆ ತಿನ್ನುತ್ತದೆ ಅಂತೀರಿ. ಹೌದು, ನಿಜ. ಆದರೆ ಅಜ್ಜನ ಕಾಲದಿಂದ ಗುಂಡು ಎರೆದೂ ಮಂಗ ಕಡಿಮೆಯಾಗಿಲ್ಲ ಅನ್ನೋದೂ ನಿಜ. ಬೆಳೆ ನಷ್ಟಕ್ಕೆ ಪೂರಾ ಪರಿಹಾರ, ಸೋಲಾರ್ ಬೇಲಿಗೆ ಸಹಾಯಧನ, ಊರಿನವರೆಲ್ಲ ಸೇರಿ ಪಾಳಿಯ ಮೇಲೆ ತೋಟ ಕಾಯುವುದು: ನಮ್ಮ ಜಗಳ ಇವಕ್ಕಾಗಿ ಇರಬೇಕು. ಅಧಿಕೃತ ಮದ್ದು, ಕೇಪು ತಾಲೂಕು ಮಟ್ಟದಲ್ಲೇ ಸಿಗುವಂತೆ ಮಾಡಿ ಅಂತ ಗ್ರಾಮಸಭೆಯಲ್ಲಿ ಠರಾವು ಮಾಡಿ ಜಿಲ್ಲಾಧಿಕಾರಿಗಳಿಗೆ ಕೊಡೋಣ. ಲೈಸೆನ್ಸ್ ಕೊಟ್ಟ ಸರ್ಕಾರಕ್ಕೆ ಇದೂ ಸೇರಿದ ಜವಾಬ್ದಾರಿಯೇ.

ಅಲ್ಲಿವರೆಗೆ ನಮ್ಮ ಕೈಯಲ್ಲೇ ಇರುವ ಕೆಲಸ ನಾಲ್ಕಿದೆ. ಸೀಸ ಕರಗಿಸುವುದನ್ನು ನಿಲ್ಲಿಸಿ. ಹಳೇ ಬ್ಯಾಟರಿ ಒಡೆಯಬೇಡಿ, ಹೊಸದು ಕೊಳ್ಳುವ ಅಂಗಡಿಯಲ್ಲೇ ಬಿಡಿ, ಬೆಲೆಯಲ್ಲಿ ಕಳೆದುಕೊಡುತ್ತಾರೆ. ಸೀಸ ಕಾಯಿಸಿದ ಒಲೆಯ ಬೂದಿ ತರಕಾರಿಗೂ ಬೇಡ, ಪಾತ್ರೆಗೂ ಬೇಡ; ಆ ಬಾಣಲೆ, ಸೌಟು ಅಡುಗೆಮನೆಗೆ ವಾಪಸ್ ಬರಬಾರದು. ಈ ಕೆಲಸ ಬಹಳ ಕಾಲ ಮಾಡಿದವರು ಮತ್ತು ಆ ಮನೆಯ ಮಕ್ಕಳು ಡಾಕ್ಟರ ಹತ್ತಿರ ಕೇಳಿ ರಕ್ತದ ಸೀಸ ಪರೀಕ್ಷೆ ಮಾಡಿಸಿಕೊಳ್ಳಿ.

ಸೀಸದ ಬದಲು ಸೈಕಲ್ ಬಾಲ್ಸ್ ತುಂಬುವ ಉಪಾಯ ಮಾತ್ರ ಮಾಡಬೇಡಿ, ಹಳೇ ನಳಿಗೆಗೆ ಗಟ್ಟಿ ಉಕ್ಕು ಅಪಾಯ. ಕಾರ್ಬೈಡ್ ಪೈಪೂ ಬದಲಿಯಲ್ಲ. 2025ರ ದೀಪಾವಳಿಯಲ್ಲಿ ಭೋಪಾಲದ ಕಡೆ ಎಷ್ಟೋ ಮಕ್ಕಳ ಕಣ್ಣಿಗೆ ಅದರಿಂದಲೇ ಪೆಟ್ಟಾಯಿತು.

ಅಜ್ಜನ ಅಚ್ಚನ್ನು ಬಿಸಾಡಿ ಅಂತ ನಾನು ಹೇಳೋದಿಲ್ಲ. ಅದನ್ನು ಕೋವಿ ಲೈಸೆನ್ಸಿನ ಜೊತೆ ಠಾಣೆಯಲ್ಲಿ ತೋರಿಸಿ, ಇಟ್ಟುಕೊಳ್ಳಬಹುದಾ ಅಂತ ಕೇಳಿ. ಇಟ್ಟುಕೊಳ್ಳಿ ಅಂದರೆ ಗೋಡೆಗೆ ತೂಗುಹಾಕಿ. ಒಲೆಯ ಹತ್ತಿರ ಮಾತ್ರ ಬೇಡ.