ಎರವಿನ ವಿಳಾಸ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಜನರಿಗೆ ವಿಳಾಸವೆಂಬುದು ಬಹುಕಾಲ ಎರವಿನ ವಸ್ತುವಾಗಿಯೇ ಇತ್ತು. ಹೋಟೆಲಿನ ಹುಡುಗನಿಗೆ ಊರಿನ ಕಾಗದವು ಮಾಲಿಕರ ‘ಕೇರ್ ಆಫ್’ ಬರಬೇಕಾಗಿತ್ತು. ಹೋಟೆಲು ಬದಲಾಯಿಸಿದರೆ ಅದು ಹಳೆಯ ಗಲ್ಲಾದ ಬಳಿಯೇ ಧೂಳು ತಿನ್ನುತ್ತ ಬಿದ್ದಿರುತ್ತಿತ್ತು. ಇಂದು ಬ್ಯಾಂಕಿನ ಲೆಕ್ಕ, ವಿಮೆಯ ನೋಟೀಸು, ಆದಾಯ ತೆರಿಗೆ ಇಲಾಖೆಯ ಸೂಚನೆ ಎಲ್ಲವೂ ಇ-ಮೇಲಿನಲ್ಲಿ ಬರುತ್ತಿವೆ. ವಿಳಾಸದ ಎರವು ಮಾತ್ರ ಇನ್ನೂ ತೀರಿಲ್ಲ.

ಎಷ್ಟೋ ಮಂದಿ ಗುಮಾಸ್ತ ಬಂಧುಗಳು ಎಲ್ಲೆಡೆಯೂ ಕಂಪೆನಿಯ ವಿಳಾಸವನ್ನೇ ಕೊಟ್ಟಿರುತ್ತಾರೆ. ಕೆಲಸ ಬಿಟ್ಟೊಡನೆ ಅದು ಮುಚ್ಚಿಹೋಗುತ್ತದೆ. ಉಳಿದವರದು ಪುಕ್ಕಟೆ ವಿಳಾಸ. ಪುಕ್ಕಟೆಯದನ್ನು ನಾವು ಹಳಿಯುವುದಿಲ್ಲ. 2004ರಲ್ಲಿ ಜಿಮೇಲ್ ಬಂದಂದಿನಿಂದ ಬಡವರಿಗೂ ಅದರಿಂದ ಉಪಕಾರವಾಗಿದೆ. ಆದರೆ ಅದರ ಕರಾರನ್ನು ಬರೆದವರು ನಾವಲ್ಲ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಪಾಸ್‌ವರ್ಡ್ ಮರೆತು ಹಳೆಯ ಸಿಮ್ಮನ್ನೂ ಕಳೆದುಕೊಂಡವನು ಮೊರೆಯಿಡುವುದಾದರೂ ಯಾರಲ್ಲಿ?

ಹಾಗಾದರೆ ಮನೆಯಲ್ಲಿಯೇ ಇ-ಮೇಲ್ ಸರ್ವರ್ ಇಟ್ಟುಕೊಳ್ಳಲಾಗದೇ? ಆಗುತ್ತದೆ, ಆದರೆ ಅರ್ಧ ಮಾತ್ರ ಎಂಬುದು ನಮ್ಮ ಅಭಿಪ್ರಾಯ. ಮೊದಲು ಬೇಕಾದುದು ಡೊಮೈನ್, ಅಂದರೆ ವಿಳಾಸದಲ್ಲಿ ಕಂಪೆನಿಯ ಹೆಸರಿನ ಬದಲು ನಿಲ್ಲುವ ನಮ್ಮದೇ ಹೆಸರು. ಇ-ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮವನ್ನು 1982ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಬರೆದು ಪ್ರಕಟಿಸಿದರು. ಅದು ಯಾವ ಕಂಪೆನಿಯ ಸೊತ್ತೂ ಅಲ್ಲ. ಬಂದ ಕಾಗದವನ್ನು ಸ್ವೀಕರಿಸಲು ಪೋಸ್ಟ್‌ಫಿಕ್ಸ್, ಅದನ್ನು ಪೆಟ್ಟಿಗೆಯಲ್ಲಿಟ್ಟು ಕೇಳಿದಾಗ ತೆಗೆದುಕೊಡಲು ಡವ್‌ಕಾಟ್ ಎಂಬ ತಂತ್ರಾಂಶಗಳಿವೆ. ಎರಡೂ ಸಂಬಳವಿಲ್ಲದ ಗುಮಾಸ್ತರು. ಇವನ್ನು ನಡೆಸಲು ಅಂಗೈಯಗಲದ ರಾಸ್ಪ್‌ಬೆರಿ ಪೈ ಯಂತ್ರವೇ ಸಾಕು. ಅದು ಹಗಲಿರುಳೂ 5 ವ್ಯಾಟ್ ಹಿಡಿದರೆ ತಿಂಗಳಿಗೆ 3.6 ಯೂನಿಟ್ ಆಯಿತು. ಕರೆಂಟು ಹೋದರೂ ಅಂಜಬೇಕಾಗಿಲ್ಲ; ಕಳುಹಿಸಿದ ಕಡೆಯ ಸರ್ವರ್ ಕಡಮೆಯೆಂದರೆ ನಾಲ್ಕೈದು ದಿನ ಮರಳಿ ಯತ್ನಿಸಬೇಕೆಂದು ನಿಯಮವೇ ಹೇಳುತ್ತದೆ.

ಮೊಬೈಲಿನೊಡನೆ ಇದನ್ನು ಜೋಡಿಸುವುದೂ ಕಷ್ಟವಲ್ಲ. ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ಐಮ್ಯಾಪ್ ಪದ್ಧತಿಯಲ್ಲಿ ಮೂಲ ಕಾಗದವು ಸರ್ವರಿನಲ್ಲಿಯೇ ಉಳಿಯುತ್ತದೆ. ಲೋಕಲ್ ಗಾಡಿಯಲ್ಲಿ ಫೋನಿನಲ್ಲಿ ಓದಿದುದು ಮನೆಯ ಕಂಪ್ಯೂಟರಿನಲ್ಲಿಯೂ ಓದಿದುದಾಗಿಯೇ ಕಾಣುತ್ತದೆ. ರಾಡಿಕೇಲ್ ಎಂಬ ಇನ್ನೊಂದು ತಂತ್ರಾಂಶವನ್ನು ಅದೇ ಯಂತ್ರದಲ್ಲಿ ಹಾಕಿದರೆ ಫೋನಿನ ನಂಬರುಗಳೂ ದಿನಚರಿಯೂ ಅಲ್ಲಿ ಸೇರುತ್ತವೆ. ಐಫೋನಿನಲ್ಲಿ ಇದಕ್ಕೆ ಏರ್ಪಾಡು ಮೊದಲೇ ಇದೆ. ಆಂಡ್ರಾಯ್ಡಿಗೆ ಡ್ಯಾವ್‌ಎಕ್ಸ್5 ಎಂಬ ಆ್ಯಪ್ ಬೇಕು. ದಾದರಿನ ಗರ್ದಿಯಲ್ಲಿ ಫೋನು ಕಳುವಾದರೂ ಊರವರ ನಂಬರುಗಳು ಹೊಸ ಫೋನಿಗೆ ಹಿಂದಿರುಗುತ್ತವೆ. ನಮಗೆ ಇದರಷ್ಟು ಪ್ರಯೋಜನದ ಅಂಗ ಬೇರೊಂದಿಲ್ಲವೆನಿಸುತ್ತದೆ.

ತೊಡಕಿರುವುದು ಕಾಗದ ಕಳುಹಿಸುವುದರಲ್ಲಿ. ಮನೆಯ ಇಂಟರ್‌ನೆಟ್ ಸಂಪರ್ಕಕ್ಕೆ ಸಾಮಾನ್ಯವಾಗಿ ಸ್ಥಿರವಾದ ಐಪಿ ನಂಬರು ಇರುವುದಿಲ್ಲ. ಕೆಲವು ಕಂಪೆನಿಗಳು ನೂರಾರು ಮನೆಗಳನ್ನು ಒಂದೇ ನಂಬರಿನ ಹಿಂದೆ ಕೂಡಿಸಿರುತ್ತವೆ. ಆಗ ಬರುವ ಕಾಗದಕ್ಕೂ ನೇರ ದಾರಿಯಿಲ್ಲ. ಸರ್ವರಿನಿಂದ ಸರ್ವರಿಗೆ ಕಾಗದ ಹೋಗುವ 25ನೆಯ ಪೋರ್ಟನ್ನೇ ಹಲವರು ಮುಚ್ಚಿದ್ದಾರೆ. ಇಷ್ಟನ್ನು ದಾಟಿದರೂ ಎದುರಿನವರು ನಂಬಬೇಕಲ್ಲ! ಈ ಹೆಸರಿನ ಕಾಗದವನ್ನು ಇಂಥ ಯಂತ್ರವೇ ಕಳುಹಿಸಬಹುದೆಂದು ಸಾರುವ ಎಸ್‌ಪಿಎಫ್, ಇಲ್ಲವೆ ಕಾಗದಕ್ಕೆ ಮೊಹರೊತ್ತುವ ಡಿಕಿಮ್ ಇರಬೇಕೆಂದು 2024ರ ಫೆಬ್ರವರಿಯಿಂದ ಜಿಮೇಲ್ ವಿಧಿಸಿದೆ. ಎಲ್ಲವೂ ಸರಿಯಿದ್ದರೂ ಮನೆಯಿಂದ ಹೊರಟ ಕೆಲಸದ ಅರ್ಜಿ ಸದ್ದಿಲ್ಲದೆ ಸ್ಪ್ಯಾಮ್ ಬುಟ್ಟಿಗೆ ಬೀಳಬಹುದು; ಬರೆದವನಿಗೆ ತಿಳಿಯುವುದೂ ಇಲ್ಲ. ಆದುದರಿಂದ ಬರುವ ಕಾಗದ ಮನೆಗೆ ಬರಲಿ, ಹೋಗುವ ಕಾಗದವು ಹಣ ಕೊಟ್ಟು ಪಡೆದ ಒಂದು ರವಾನೆ ಸರ್ವರಿನ ಮೂಲಕ ಹೋಗಲಿ ಎಂದೇ ನಾವು ಸಲಹೆ ಮಾಡುತ್ತೇವೆ.

ಇದೆಲ್ಲ ಡೊಂಬಿವಿಲಿಯಲ್ಲಿಯೋ ಠಾಣೆಯಲ್ಲಿಯೋ ಮನೆ ಮಾಡಿ, ವಾರಕ್ಕೊಮ್ಮೆ ಯಂತ್ರದ ಕಡೆ ನೋಡಲು ಬಿಡುವಿರುವವರ ಮಾತಾಯಿತು. ಹೋಟೆಲಿನ ಮಾಳಿಗೆಯಲ್ಲಿ ಹತ್ತು ಮಂದಿಯೊಡನೆ ಮಲಗುವ ಕೆಲಸಗಾರನಿಗೆ ಸರ್ವರ್ ಇಡೆಂದು ಉಪದೇಶಿಸುವುದು ಕ್ರೂರವಾದ ಹಾಸ್ಯವಾದೀತು. ಆದರೆ ಸ್ವಂತ ಹೆಸರು ಅವನಿಗೂ ಎಟುಕದ್ದಲ್ಲ. ಒಂದು ಡೊಮೈನಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಬೀಳುತ್ತದೆ. ಅಣ್ಣತಮ್ಮಂದಿರು ನಾಲ್ವರು ಸೇರಿದರೆ ಒಬ್ಬನ ಪಾಲಿಗೆ ಎಷ್ಟಾಯಿತು? ಪೆಟ್ಟಿಗೆಯನ್ನು ಯಾವ ಕಂಪೆನಿಯಲ್ಲಾದರೂ ಬಾಡಿಗೆಗೆ ಇಡಲಿ, ಅದು ಸರಿಬರದಿದ್ದರೆ ಇನ್ನೊಂದಕ್ಕೆ ಹೋಗಲಿ, ವಿಳಾಸ ಬದಲಾಗದು.

ನಗರದ ಕನ್ನಡ ಸಂಘಗಳು ನಾಟಕ, ಸನ್ಮಾನಗಳ ನಡುವೆ ಒಂದು ಭಾನುವಾರವನ್ನು ಇದಕ್ಕೆಂದು ಕೊಡಬಾರದೇ? ಬಲ್ಲವರು ನಮ್ಮಲ್ಲಿಯೇ ಇದ್ದಾರೆ. ಹೋಟೆಲ್ ಬಾಂಧವರಿಗೆ ಬಿಡುವಾಗುವುದು ಮಧ್ಯಾಹ್ನದ ಊಟದ ಭರಾಟೆ ಮುಗಿದ ಮೇಲೆ, ಮೂರರ ಸುಮಾರಿಗೆ. ವೇಳೆಯನ್ನು ಹಾಗೆಯೇ ಗೊತ್ತುಪಡಿಸಲಿ. ಡೊಮೈನಿನ ಬಾಡಿಗೆಯನ್ನು ತಪ್ಪದೆ ಕಟ್ಟಬೇಕೆಂಬುದನ್ನೂ, ಕಟ್ಟದಿದ್ದರೆ ಆ ಹೆಸರನ್ನು ಬೇರೆಯವರು ಕೊಂಡು ನಮ್ಮ ಕಾಗದಗಳನ್ನು ತಾವು ಪಡೆಯಬಹುದೆಂಬುದನ್ನೂ ಅಲ್ಲಿ ಮೊಟ್ಟಮೊದಲು ತಿಳಿಸಲಿ.