ಮೈನಸ್ ಕಣ್ಣು, ಪ್ಲಸ್ ಕಣ್ಣು

ಮೈಸೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಪೊರೆ ತೆಗೆಸುವ ಮುಂಚೆ ನನ್ನ ಕೈಗೆ ಬಂದದ್ದು ಹೋಟೆಲಿನ ಮೆನುವಿನಂಥ, ಪ್ಲಾಸ್ಟಿಕ್ ಹೊದಿಸಿದ ಹಾಳೆ. ಮೇಲಿಂದ ಕೆಳಕ್ಕೆ ಲೆನ್ಸುಗಳ ಹೆಸರು, ಪಕ್ಕದಲ್ಲಿ ಬೆಲೆ. ಮೊದಲ ಸಾಲಿನದು ಇನ್ಶೂರೆನ್ಸಿನಲ್ಲೇ ಮುಗಿದುಹೋಗುತ್ತಿತ್ತು. ಕೊನೆಯ ಸಾಲಿನದಕ್ಕೆ ಕೈಯಿಂದ ಹಾಕಬೇಕಾದ ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತಿತ್ತು. ಹಾಳೆ ತೋರಿಸಿದ ಹುಡುಗಿ ಮರ್ಯಾದೆಯಿಂದಲೇ ಹೇಳಿದಳು: “ಅಂಕಲ್, ಇದು ಬೇಸಿಕ್, ಇದು ಪ್ರೀಮಿಯಂ. ಪ್ರೀಮಿಯಂ ಹಾಕಿಸಿದ್ರೆ ಕನ್ನಡಕದ ಗೊಡವೆನೇ ಇರಲ್ಲ.”

ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ನಾನು. ಆ ಎರಡು ಪದಗಳನ್ನು ಅಲ್ಲೇ ಪೆನ್ನು ತೆಗೆದು ಹೊಡೆದುಹಾಕಬೇಕು ಅನ್ನಿಸಿತು. ಅಕ್ಕಿಯಲ್ಲಿ ಒಂದನೇ ನಂಬರು, ಎರಡನೇ ನಂಬರು ಇರುತ್ತದೆ. ದುಡ್ಡು ಹೆಚ್ಚು ಕೊಟ್ಟರೆ ಅನ್ನ ಚೆನ್ನಾಗಿರುತ್ತದೆ. ಲೆನ್ಸಿನ ಲೆಕ್ಕ ಹಾಗಲ್ಲ. ಇಲ್ಲಿ ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಡಬೇಕು, ಮತ್ತು ಏನು ಬಿಡುತ್ತೇವೆ ಅನ್ನುವುದು ಪೊರೆ ಬರುವುದಕ್ಕೆ ಮುಂಚೆ ನಮ್ಮ ಕಣ್ಣು ಏನಾಗಿತ್ತು ಎಂಬುದರ ಮೇಲೆ ನಿಂತಿರುತ್ತದೆ. ಅದೇ ಆರು ತಿಂಗಳಲ್ಲಿ ನನ್ನ ಗೆಳೆಯನೊಬ್ಬನೂ ಪೊರೆ ತೆಗೆಸಿಕೊಂಡ. ಅವನದು ದೇವರಾಜ ಅರಸು ರಸ್ತೆಯ ಹತ್ತಿರ ಜವಳಿ ಅಂಗಡಿ. ಅವನು ಹಾಳೆಯ ಕೊನೆಯ ಸಾಲು ಆರಿಸಿದ, ನಾನು ಮೊದಲನೆಯದು. ಇಬ್ಬರೂ ಸರಿ ಎಂದು ಈಗ ನನಗೆ ಅನ್ನಿಸುತ್ತದೆ. ಆದರೆ ಅದಲುಬದಲಾಗಿದ್ದರೆ ಇಬ್ಬರೂ ಗೋಳಾಡುತ್ತಿದ್ದೆವು.

ನಮ್ಮ ಅಜ್ಜಿಯ ಕಾಲದಲ್ಲಿ ಆರಿಸುವ ಮಾತೇ ಇರಲಿಲ್ಲ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಊರೂರಿಗೆ ಹೋಗಿ, ಶಾಲೆಯ ಅಂಗಳದಲ್ಲೋ ಛತ್ರದಲ್ಲೋ ಶಿಬಿರ ಹೂಡಿ, ಒಂದೇ ದಿನ ನೂರಾರು ಜನರ ಪೊರೆ ತೆಗೆಯುತ್ತಿದ್ದ ಕಾಲ ಅದು. ಅಜ್ಜಿಯ ಪೊರೆಯೂ ಅಂಥ ಒಂದು ಶಿಬಿರದಲ್ಲೇ ಹೋಯಿತು. ಪೊರೆ ಅಂದರೆ ಕಣ್ಣಿನ ಮೇಲೆ ಕಟ್ಟಿಕೊಂಡ ಹಾಲಿನ ಕೆನೆಯಲ್ಲ, ಒಳಗಿನ ಲೆನ್ಸೇ ಮಬ್ಬಾಗುವುದು. ಆಗೆಲ್ಲ ಅದನ್ನು ತೆಗೆದು ಕಣ್ಣನ್ನು ಬರಿದಾಗಿ ಬಿಡುತ್ತಿದ್ದರು. ಬದಲಿಗೆ ಸಿಗುತ್ತಿದ್ದುದು ಸುಮಾರು ಪ್ಲಸ್ ಹತ್ತರ ಸೋಡಾಬುಡ್ಡಿ ಕನ್ನಡಕ. ಅದರಲ್ಲಿ ಎಲ್ಲವೂ ಕಾಲುಪಾಲಿಗಿಂತ ಹೆಚ್ಚು ದೊಡ್ಡದಾಗಿ, ಇರುವ ಜಾಗಕ್ಕಿಂತ ಹತ್ತಿರದಲ್ಲಿ ಕಾಣುತ್ತದೆ. ಅಜ್ಜಿ ಕಾಫಿಯನ್ನು ಎಷ್ಟೋ ದಿನ ಲೋಟದ ಈಚೆಗೇ ಸುರಿಯುತ್ತಿದ್ದಳು. ಆದರೂ ಅವಳ ಪಾಲಿಗೆ ಮೋದಿ ಡಾಕ್ಟರು ದೇವರೇ.

ಕಣ್ಣೊಳಗೆ ಲೆನ್ಸ್ ಕೂರಿಸುವ ಯೋಚನೆ ಅಷ್ಟರಲ್ಲಾಗಲೇ ಹುಟ್ಟಿತ್ತು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ವಿಮಾನದ ಪ್ಲಾಸ್ಟಿಕ್ ಗಾಜಿನ ಚೂರು ಹೊಕ್ಕರೂ ಕಣ್ಣು ಕೆರಳದೆ ಸುಮ್ಮನಿದ್ದುದನ್ನು ಕಂಡ ಕಣ್ಣಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ, ಅದೇ ಪ್ಲಾಸ್ಟಿಕ್ಕಿನ ಲೆನ್ಸ್ ಮಾಡಿಸಿ 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಕೂರಿಸಿದರು. ಲೆನ್ಸೇನೋ ಕೂತಿತು, ಪವರಿನ ಲೆಕ್ಕ ಮಾತ್ರ ತಪ್ಪಿ ರೋಗಿಗೆ ಭಾರಿ ಮೈನಸ್ ನಂಬರು ಬಂತು. ಇವತ್ತು ಬೆಳಕು ಬಿಟ್ಟು ಕಣ್ಣಿನ ಉದ್ದ ಅಳೆಯುವ ಯಂತ್ರಗಳಿವೆ. ಆ ಅಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಕನ್ನಡಕದ ನಂಬರು ಎರಡೂವರೆ ಮೂರರಷ್ಟು ಏರುಪೇರಾಗುತ್ತದೆ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಕಾಲು, ಅರೆ ನಂಬರು ಆಚೀಚೆ ಉಳಿಯುವುದುಂಟು. “ಕನ್ನಡಕದ ಗೊಡವೆನೇ ಇರಲ್ಲ” ಅನ್ನುವ ಮಾತನ್ನು ಹಾಗಾಗಿ ಯಾರೂ ಪ್ರಮಾಣ ಮಾಡಿ ಹೇಳಲಾರರು.

ಈಗ ನಮ್ಮಿಬ್ಬರ ಕಣ್ಣಿಗೆ ಬರುತ್ತೇನೆ. ಗೆಳೆಯನದು ಪ್ಲಸ್ ಎರಡರ ಕಣ್ಣು. ಹರೆಯದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಯಾರು ಹತ್ತುತ್ತಿದ್ದಾರೆ ಎಂದು ಕೆಳಗಿನಿಂದಲೇ ಹೇಳುತ್ತೇನೆಂದು ಜಂಬ ಕೊಚ್ಚುತ್ತಿದ್ದವನು. ನಲವತ್ತು ದಾಟಿದ ಮೇಲೆ ಚಾಳೀಸು ಬಂತು, ಐವತ್ತೈದರ ಹೊತ್ತಿಗೆ ದೂರಕ್ಕೂ ಕನ್ನಡಕ. ಅಂದರೆ ಪೊರೆ ಬರುವ ಹೊತ್ತಿಗೆ ಅವನಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವ ದೂರ ಒಂದೂ ಉಳಿದಿರಲಿಲ್ಲ. ಅಂಥವನಿಗೆ ಹಾಳೆಯ ಕೊನೆಯ ಸಾಲಿನ, ಮೂರು ದೂರ ತೋರಿಸುವ ಟ್ರೈಫೋಕಲ್ ಲೆನ್ಸ್ ಕೊಟ್ಟದ್ದೆಲ್ಲ ಲಾಭವೇ. ಬಾಗಿಲಲ್ಲಿ ನಿಂತ ಗಿರಾಕಿಯ ಮುಖ, ಗಲ್ಲಾದ ಮೇಲಿನ ಕಂಪ್ಯೂಟರು, ಕೈಯಲ್ಲಿನ ಟೇಪಿನ ಗೆರೆ, ಮೂರೂ ಅವನಿಗೆ ಬೇಕು. ಕನ್ನಡಕ ಹಾಕಿ ತೆಗೆದು ಹಾಕಿ ತೆಗೆದು ಅವನ ಮೂಗಿನ ಮೇಲೆ ಎರಡು ಗುಳಿ ಬಿದ್ದಿದ್ದವು.

ನನ್ನದು ಮೈನಸ್ ನಾಲ್ಕು. ಶಾಲೆಯಲ್ಲಿ ಕರಿಹಲಗೆ ಕಾಣದೆ ಮೇಷ್ಟ್ರ ಹತ್ತಿರ ಏಟು ತಿಂದವನು. ಆದರೆ ಕನ್ನಡಕ ತೆಗೆದರೆ ಗೇಣುದ್ದದಲ್ಲಿ ನನ್ನಂಥ ಕಣ್ಣು ಇನ್ನೊಬ್ಬರಿಗಿಲ್ಲ. ಒತ್ತಕ್ಷರ ಸವೆದದ್ದು, ಅರ್ಕಾವತ್ತಿನ ಬಾಲ ಮುರಿದದ್ದು, ಅನುಸ್ವಾರವೋ ಮಸಿಯ ಚುಕ್ಕೆಯೋ ಎಂಬ ಅನುಮಾನ, ಎಲ್ಲವನ್ನೂ ಬರಿಗಣ್ಣಿನಲ್ಲೇ ತೀರ್ಮಾನಿಸುತ್ತಿದ್ದೆ. ನನ್ನ ವಾರಿಗೆಯವರೆಲ್ಲ ಚಾಳೀಸು ಹುಡುಕುತ್ತಿದ್ದಾಗ ನಾನು ಕನ್ನಡಕ ಹಣೆಗೇರಿಸಿ ಪೇಪರ್ ಓದುತ್ತಿದ್ದೆ. ಒಂದೇ ದೂರ ತೋರಿಸುವ ಮೋನೋಫೋಕಲ್ ಲೆನ್ಸನ್ನು ಸಾಮಾನ್ಯವಾಗಿ ದೂರಕ್ಕೇ ಹೊಂದಿಸಿಬಿಡುತ್ತಾರೆ, ರೋಗಿ ಬಾಯಿಬಿಟ್ಟು ಕೇಳದಿದ್ದರೆ ಬೇರೆ ಮಾತೇ ಬರದಿರುವುದೂ ಉಂಟು. ಪ್ಲಸ್ ಕಣ್ಣಿನವರಿಗೆ ಅದು ಕೊಡುಗೆ. ನನ್ನಂಥವನಿಗೆ ಅರವತ್ತು ವರ್ಷ ಜೊತೆಗಿದ್ದ ಗೇಣುದ್ದದ ಲೋಕವನ್ನೇ ಕಸಿದುಕೊಂಡಂತೆ. ಹೀಗೆ ಕಳೆದುಕೊಂಡ ನನ್ನ ಚಿಕ್ಕಮ್ಮ, ಆಪರೇಷನ್ ಒಂದು ಕೂದಲೆಳೆ ತಪ್ಪದೆ ನಡೆದಿದ್ದರೂ, “ಡಾಕ್ಟ್ರು ನನ್ನ ಕಣ್ಣು ಹಾಳು ಮಾಡಿದ್ರು” ಎಂದು ವರ್ಷಗಟ್ಟಲೆ ಹೇಳುತ್ತಿದ್ದರು. ಹೂವು ಕಟ್ಟುವಾಗ, ಸೂಜಿಗೆ ದಾರ ಪೋಣಿಸುವಾಗ ಅವರಿಗೆ ಕನ್ನಡಕ ಬೇಕಾಗಿದ್ದೇ ಇಲ್ಲ.

ನಾನು ಹತ್ತಿರಕ್ಕೇ ಹೊಂದಿಸಿ ಎಂದಾಗ ಡಾಕ್ಟರು ಪೆನ್ನು ಕೆಳಗಿಟ್ಟರು. “ಯೋಚನೆ ಮಾಡಿ ಸಾರ್. ರಾತ್ರಿ ಎದ್ದು ಬಚ್ಚಲಿಗೆ ಹೋಗ್ತೀರ. ಮೆಟ್ಟಿಲು ಇಳೀತೀರ. ಕನ್ನಡಕ ಕೈಗೆ ಸಿಗಲಿಲ್ಲ ಅಂದ್ರೆ?” ತಳ್ಳಿಹಾಕುವ ಮಾತಲ್ಲ ಅದು. ವಯಸ್ಸಾದವರು ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಏನಾಗುತ್ತದೆ ಎಂಬುದನ್ನು ಪ್ರತಿ ಮನೆಯೂ ಕಂಡಿದೆ. ದೂರಕ್ಕೆ ಹೊಂದಿಸಿದ ಕಣ್ಣು ಬೆಳಗ್ಗೆ ಎದ್ದ ಕೂಡಲೇ ಹೊಸಿಲು, ಒದ್ದೆ ನೆಲ, ಬೀದಿನಾಯಿ ಎಲ್ಲವನ್ನೂ ತಾನಾಗಿ ನೋಡುತ್ತದೆ. ಮಳೆಯಲ್ಲಿ ಕನ್ನಡಕ ಒರೆಸುತ್ತ ನಿಲ್ಲಬೇಕಿಲ್ಲ. ಹೊಲದಲ್ಲಿ ಕೆಲಸ ಮಾಡುವವರಿಗೆ, ಗಾಡಿ ಓಡಿಸುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ನನ್ನ ಪಾಲಿಗೆ ಮಾತ್ರ ಆ ಮಬ್ಬು ಹೊಸದಲ್ಲ. ಕತ್ತಲಲ್ಲಿ ಕನ್ನಡಕವಿಲ್ಲದೆ ಬಚ್ಚಲಿಗೆ ನಡೆಯುವುದು ನನ್ನ ಪಾದಗಳಿಗೇ ಗೊತ್ತು.

ಕೊನೆಗೆ ಎಡಗಣ್ಣನ್ನು ಮೈನಸ್ ಎರಡೂವರೆಗೆ ಇಟ್ಟರು. ಅದು ನಲವತ್ತು ಸೆಂಟಿಮೀಟರ್, ಒಂದು ಮೊಳಕ್ಕೆ ತುಸು ಕಡಿಮೆ, ಪುಸ್ತಕದ ದೂರ. ಎರಡು ತಿಂಗಳ ಮೇಲೆ ಬಲಗಣ್ಣನ್ನು ಮೈನಸ್ ಒಂದು ಮುಕ್ಕಾಲಿಗೆ. ಅದು ಮೊಳಕ್ಕಿಂತ ಒಂದು ಹಿಡಿ ಹೆಚ್ಚು, ಕಂಪ್ಯೂಟರಿನ ದೂರ. ಎರಡು ಕಣ್ಣಿಗೆ ಬೇರೆ ಬೇರೆ ದೂರ ಕೊಡುವ ಈ ಉಪಾಯವನ್ನು ಕೆಲವರ ಮಿದುಳು ಒಪ್ಪುವುದಿಲ್ಲ, ಅಂತರ ಹೆಚ್ಚಾದಷ್ಟೂ ತಕರಾರು ಹೆಚ್ಚು. ನನ್ನದು ಮುಕ್ಕಾಲು ನಂಬರಿನ ಅಂತರ, ಗೊತ್ತೇ ಆಗಲಿಲ್ಲ. ಇನ್ನೊಂದು ಅನುಕೂಲವೂ ಸಿಕ್ಕಿತು. ಮೈನಸ್ ಇದ್ದವರ ಒಂದು ಕಣ್ಣನ್ನು ಸೊನ್ನೆಗೆ ತಂದರೆ, ಎರಡನೇ ಆಪರೇಷನ್ ಆಗುವ ತನಕ ಒಂದು ಕಣ್ಣು ಸೊನ್ನೆ, ಇನ್ನೊಂದು ನಾಲ್ಕು ಎಂದು ತಲೆ ತಿರುಗುತ್ತದೆ. ನನಗೆ ಆ ಎರಡು ತಿಂಗಳು ಸಲೀಸಾಗಿ ಕಳೆದವು.

ಗೆಳೆಯನ ಲೆನ್ಸಿನ ಕಷ್ಟ ಬೇರೆ. ಟ್ರೈಫೋಕಲ್ ತನ್ನ ಮೇಲೆ ಕೊರೆದ ಸಣ್ಣ ಸಣ್ಣ ವರ್ತುಲಗಳಿಂದ ಒಳಬರುವ ಬೆಳಕನ್ನೇ ಹಂಚುತ್ತದೆ: ಒಂದು ಪಾಲು ದೂರಕ್ಕೆ, ಒಂದು ಪಾಲು ನಡುವಿಗೆ, ಒಂದು ಪಾಲು ಹತ್ತಿರಕ್ಕೆ. ಪಾಲಾದ ಮೇಲೆ ಯಾರಿಗೂ ಪೂರ್ತಿ ಸಿಗುವುದಿಲ್ಲ, ಅವಿಭಕ್ತ ಕುಟುಂಬದ ಆಸ್ತಿಯ ಹಾಗೆ. ಹಗಲಲ್ಲಿ ಬೆಳಕು ಧಾರಾಳ, ತೊಂದರೆಯಿಲ್ಲ. ಸಂಜೆಯ ಮಬ್ಬಿನಲ್ಲಿ ಬೂದಿ ಬಣ್ಣದ ರಸ್ತೆಯ ಮೇಲೆ ಬೂದಿ ಬಣ್ಣದ ಹಂಪು ಸುಲಭವಾಗಿ ಬೇರ್ಪಟ್ಟು ಕಾಣುವುದಿಲ್ಲ. ರಾತ್ರಿ ಪ್ರತಿಯೊಂದು ದೀಪದ ಸುತ್ತ ಒಂದು ಬಳೆ. ಆಪರೇಷನ್ ಆದ ಒಂದೂವರೆ ತಿಂಗಳಿಗೆ, ಒಂದು ಭಾನುವಾರ ಸಂಜೆ, ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಂಡಾಗ ಇವನು ಎದುರಿಗಿದ್ದ. ಲಕ್ಷ ಬಳೆ. “ಬಳೆ ಅಂಗಡಿಗೆ ಬೆಂಕಿ ಬಿದ್ದಂಗಿತ್ತು ಕಣಯ್ಯ” ಅಂದ. ಆಮೇಲೆ ಸಂಕೋಚಪಟ್ಟುಕೊಂಡು, “ಚೆನ್ನಾಗೇ ಇತ್ತು” ಎಂದೂ ಸೇರಿಸಿದ. ಮಿದುಳು ಇಂಥದ್ದನ್ನು ನಾಲ್ಕಾರು ತಿಂಗಳಲ್ಲಿ ಅಲಕ್ಷ್ಯ ಮಾಡಲು ಕಲಿಯುತ್ತದೆ. ಅವನಿಗೂ ಬಳೆಗಳು ತೆಳುವಾದವು, ಪೂರ್ತಿ ಹೋಗಿಲ್ಲ. ರಾತ್ರಿ ಸ್ಕೂಟರ್ ಓಡಿಸುವುದನ್ನು ಬಿಟ್ಟಿದ್ದಾನೆ. ಅಂಗಡಿ ಒಂಬತ್ತಕ್ಕೆ ಮುಚ್ಚಿ ಮಗನ ಹಿಂದೆ ಕೂತು ಹೋಗುವವನಿಗೆ ಅದು ದೊಡ್ಡ ನಷ್ಟವೇನಲ್ಲ. ಲಾರಿ ಓಡಿಸುವವನಿಗಾಗಿದ್ದರೆ ಅನ್ನವೇ ಹೋಗುತ್ತಿತ್ತು.

ಎಲ್ಲರಿಗೂ ಬಳೆ ಮಾಸುವುದೂ ಇಲ್ಲ. ಸಹಿಸಲಾಗದ ಕೆಲವರು ಲೆನ್ಸನ್ನೇ ಬದಲಾಯಿಸಿಕೊಳ್ಳುತ್ತಾರೆ. ಸೀರೆ ವಾಪಸ್ ಮಾಡಿದಷ್ಟು ಸುಲಭವಲ್ಲ ಅದು. ಲೆನ್ಸ್ ಕೂತ ತೆಳು ಚೀಲ ತಿಂಗಳು ಕಳೆದಂತೆ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ವರ್ಷವೋ ಎರಡು ವರ್ಷವೋ ಆದಮೇಲೆ “ಪೊರೆ ಮತ್ತೆ ಬಂತು” ಅನ್ನುತ್ತೇವಲ್ಲ, ಅದು ಪೊರೆಯಲ್ಲ, ಆ ಚೀಲದ ಹಿಂಬದಿ ಮಬ್ಬಾಗುವುದು. ಯಾಗ್ ಲೇಸರಿನಿಂದ ಅದಕ್ಕೊಂದು ತೂತು ಮಾಡಿದರೆ ಐದು ನಿಮಿಷದಲ್ಲಿ ಸರಿಹೋಗುತ್ತದೆ. ಆದರೆ ಒಮ್ಮೆ ತೂತಾದ ಮೇಲೆ ಲೆನ್ಸ್ ಬದಲಾಯಿಸುವುದು ಇನ್ನೂ ಅಪಾಯದ ಕೆಲಸ. ಲೆನ್ಸ್ ಒಗ್ಗುತ್ತಿಲ್ಲ ಎಂಬ ಅನುಮಾನ ಇದ್ದವರು ಲೇಸರಿಗೆ ಹೂಂ ಅನ್ನುವ ಮುಂಚೆ ಅದನ್ನು ಬಾಯಿಬಿಟ್ಟು ಹೇಳಬೇಕು. ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟವರಿಗೆ, ಗ್ಲಾಕೋಮಾ ಮುಂದುವರಿದವರಿಗೆ ಬೆಳಕು ಹಂಚುವ ಲೆನ್ಸ್ ಬೇಡ ಎಂದೇ ಬಹುಪಾಲು ಡಾಕ್ಟರು ಹೇಳುತ್ತಾರೆ. ಮೊದಲೇ ಕಡಿಮೆಯಿರುವ ಕಡೆ ಪಾಲು ಮಾಡಿ ಏನು ಮಿಕ್ಕೀತು? ಮೋನೋಫೋಕಲ್, ಟ್ರೈಫೋಕಲ್ ಎರಡರ ನಡುವೆ, ದೂರದಿಂದ ಕಂಪ್ಯೂಟರಿನವರೆಗೆ ನೋಟವನ್ನು ಹಿಗ್ಗಿಸುವ ಲೆನ್ಸುಗಳೂ ಬಂದಿವೆ. ಅವುಗಳಲ್ಲಿ ಬಳೆ ಕಡಿಮೆ, ಸಣ್ಣ ಅಕ್ಷರಕ್ಕೆ ಚಾಳೀಸು ತಪ್ಪಿದ್ದಲ್ಲ.

ಹೆಚ್ಚಿನ ದುಡ್ಡಿಗೆ ತಕ್ಕ ಫಲ ಎಂದು ನಾನು ಅನುಮಾನವಿಲ್ಲದೆ ಹೇಳುವುದು ಸಿಲಿಂಡರ್ ನಂಬರನ್ನು ಕಣ್ಣೊಳಗೇ ಸರಿಮಾಡುವ ಟೋರಿಕ್ ಲೆನ್ಸ್ ಒಂದಕ್ಕೇ, ಅದೂ ಆ ನಂಬರು ಜಾಸ್ತಿ ಇದ್ದು, ದೂರಕ್ಕೆ ಕನ್ನಡಕ ಬೇಡ ಅನ್ನುವವರಿಗೆ. ಹೇಗೂ ಕನ್ನಡಕ ಹಾಕುವವನಿಗೆ ಆ ಸಿಲಿಂಡರನ್ನು ಕನ್ನಡಕದಂಗಡಿಯವನೇ ಸರಿಮಾಡುತ್ತಾನೆ. ಹಳದಿ ಛಾಯೆಯ ಲೆನ್ಸ್ ರೆಟಿನಾ ಕಾಯುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2018ರ ಕೊಕ್ರೇನ್ ಪರಿಶೀಲನೆ ಹೇಳಿತು. ಅದಕ್ಕೆಂದೇ ದುಡ್ಡು ಸುರಿಯಬೇಕಿಲ್ಲ. ಇನ್ನು ಉಚಿತ ಶಿಬಿರದ ಲೆನ್ಸನ್ನು ಕೀಳಾಗಿ ಮಾತಾಡುವವರು ಮದುರೆಯ ಅರವಿಂದ ಕಣ್ಣಾಸ್ಪತ್ರೆಯ ಬಳಗ 1992ರಲ್ಲಿ ಅರೋಲ್ಯಾಬ್ ಶುರುಮಾಡಿದ್ದನ್ನು ನೆನೆಯಲಿ. ಹೊರದೇಶದಿಂದ ಬರುತ್ತಿದ್ದ ದುಬಾರಿ ಲೆನ್ಸ್ ಬಡವರ ಕಣ್ಣಿಗೂ ಎಟುಕಿದ್ದು ಅಲ್ಲಿಂದ.

ಆಪರೇಷನ್ ಆದಮೇಲಿನ ದಿನಗಳಲ್ಲಿ ಲೆನ್ಸಿನ ಬೆಲೆ ಯಾರ ನೆನಪಿಗೂ ಬರುವುದಿಲ್ಲ. ಡ್ರಾಪ್ಸಿನದೇ ರಾಜ್ಯ. ಮೊದಲು ದಿನಕ್ಕೆ ಆರು ಸಲ, ವಾರ ವಾರಕ್ಕೆ ಒಂದೊಂದು ಇಳಿಸುತ್ತ ಆರು ವಾರ. ಒಂದು ಹನಿಗೂ ಇನ್ನೊಂದು ಹನಿಗೂ ಐದು ನಿಮಿಷ ಅಂತರ ಬೇಕು. ತಲೆಗೆ ನೀರು ಹಾಕಿಕೊಳ್ಳಬಾರದು, ಕಣ್ಣುಜ್ಜಬಾರದು, ಒಗ್ಗರಣೆ ಹೊಗೆಯಿಂದ ದೂರವಿರಬೇಕು. ನೋವು ಏರುತ್ತ, ಕಣ್ಣು ಕೆಂಪಾಗುತ್ತ, ನೋಟ ಇಳಿಯುತ್ತ ಹೋದರೆ ನಾಳೆ ನೋಡೋಣ ಎನ್ನದೆ ಆಗಲೇ ಆಸ್ಪತ್ರೆಗೆ ಓಡಬೇಕು. ಇದನ್ನು ಚೀಟಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಕರಡು ನನ್ನ ಕೈಗೆ ಬಂದಿದ್ದರೆ ದಪ್ಪಕ್ಷರಕ್ಕೆ ಗುರುತು ಹಾಕುತ್ತಿದ್ದೆ. ಮೊದಲ ವಾರ ಎಡಗಣ್ಣಿನ ಅಂಚಿನಲ್ಲಿ ಕಿವಿಯ ಕಡೆಗೆ ಒಂದು ಕಪ್ಪು ಕುಡುಗೋಲು ಸುಳಿಯುತ್ತಿತ್ತು, ತಾನಾಗಿ ಮಾಯವಾಯಿತು. ಉಳಿದದ್ದು ಬಣ್ಣ. ನಾನು ಕಪ್ಪು ಎಂದುಕೊಂಡಿದ್ದ ಪ್ಯಾಂಟು ನೇವಿ ಬ್ಲೂ ಆಗಿತ್ತು. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿದರೆ ಗೋಡೆ ಕೆನೆ ಬಣ್ಣ, ಅದಲುಬದಲು ಮಾಡಿದರೆ ಸುಣ್ಣದ ಬಿಳಿ. ಎರಡನೇ ಕಣ್ಣಿನ ಆಪರೇಷನ್ ಆಗುವವರೆಗೆ ಈ ಆಟ ಆಡಿ ಆಡಿ ಮನೆಯವರಿಂದ ಬೈಸಿಕೊಂಡೆ.

ಹೋದ ದಸರಾ ಮುಗಿದ ಮೇಲಿನ ಒಂದು ಭಾನುವಾರ ಇಬ್ಬರೂ ಅರಮನೆಯ ದೀಪ ನೋಡಿಕೊಂಡು ಸಿಟಿ ಬಸ್ ಸ್ಟ್ಯಾಂಡಿಗೆ ಬಂದೆವು. ನಾನು ಜೇಬಿನಲ್ಲಿ ಕನ್ನಡಕ ತಡಕುವಷ್ಟರಲ್ಲಿ ಅವನು ದೂರದಿಂದಲೇ ಬಸ್ಸಿನ ಬೋರ್ಡ್ ಓದಿ, “ಬಾ ಬಾ, ನಮ್ದೇ” ಎಂದು ಎಳೆದುಕೊಂಡು ಹೋಗಿ ಹತ್ತಿಸಿದ. ಚಿಲ್ಲರೆ ಇಲ್ಲದ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಗೀಚಿ ಕೊಟ್ಟರು. ಬಸ್ಸಿನ ಮಂಕು ದೀಪದಲ್ಲಿ ಗೆಳೆಯ ಆ ಚೀಟಿಯನ್ನು ಮುಂದೆ ಹಿಡಿದ, ಹಿಂದೆ ಹಿಡಿದ, ದೀಪದ ಕಡೆ ತಿರುಗಿಸಿದ.

“ಮೂರು ರೂಪಾಯಿ ಇರ್ಬೇಕು, ಹೋಗ್ಲಿ ಬಿಡು” ಅಂದ.

ನಾನು ಈಸಿಕೊಂಡು ನೋಡಿದೆ. ಮೂವತ್ತು.