ಅಂತರ ಬೇರೆ, ಸೂತಕ ಬೇರೆ

ದೇಶದಲ್ಲಿ ಕೊರೊನಾದಿಂದ ಸಂಭವಿಸಿದ ಮೊದಲ ಸಾವು ನಮ್ಮ ಕಲಬುರಗಿಯದು. ಸೌದಿ ಅರೇಬಿಯಾದಿಂದ ಮರಳಿದ್ದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ಸೋಂಕು ಇತ್ತೆಂದು ಪ್ರಕಟವಾದದ್ದು 12ರಂದು. ಅಷ್ಟರಲ್ಲಿ ಅವರು ಕಲಬುರಗಿ, ಹೈದರಾಬಾದಿನ ಆಸ್ಪತ್ರೆಗಳನ್ನು ಕಂಡು ಬಂದಿದ್ದರು. ಚಿಕಿತ್ಸೆ ನೀಡಿದ್ದ ವೈದ್ಯರೊಬ್ಬರಿಗೂ ಸೋಂಕು ತಗುಲಿತು. ರೋಗ ಮುಂದೆ, ಪರೀಕ್ಷೆ ಹಿಂದೆ. ಆ ಪಾಠ ಸರ್ಕಾರದ್ದು. ನಮ್ಮ ಪಾಲಿನ ಪಾಠದ ಬಗ್ಗೆ ಈ ಪತ್ರಿಕೆಯಲ್ಲಿ ಬರೆಯದಿದ್ದರೆ ಇನ್ನೆಲ್ಲಿ ಬರೆಯಬೇಕು?

ಚಿತ್ತಾಪುರ ತಾಲ್ಲೂಕಿನ ರಾವೂರಿನಲ್ಲಿ ಅದೇ ಏಪ್ರಿಲ್ 16ರಂದು, ಇಡೀ ದೇಶ ಲಾಕ್‌ಡೌನ್‌ನಲ್ಲಿದ್ದಾಗ, ಸಿದ್ಧಲಿಂಗೇಶ್ವರರ ತೇರು ಎಳೆದರು. ಪಕ್ಕದ ವಾಡಿಯಲ್ಲಿ ಆಗಲೇ ಸೋಂಕು ಕಾಣಿಸಿಕೊಂಡಿತ್ತು. ಆದರೂ ನೂರಾರು ಜನ ಸೇರಿದರು. ಪೊಲೀಸರು ಪ್ರಕರಣ ದಾಖಲಿಸಿದರು, ದೇಶದ ತುಂಬ ಸುದ್ದಿಯಾಯಿತು. ಭಕ್ತರನ್ನು ದೂರುವುದು ಸುಲಭ. ಆದರೆ ಹಳ್ಳಿಯ ಜನ ತಹಶೀಲ್ದಾರರ ಆದೇಶ ಮೀರಿಯಾರು, ಅಪ್ಪಾವರ ಮಾತು ಮೀರಲಾರರು. "ಈ ವರ್ಷ ತೇರು ಇಲ್ಲ" ಎಂಬ ಮಾತು ಕಚೇರಿಯಿಂದಲ್ಲ, ಮಠಗಳಿಂದ, ಎಲ್ಲರಿಗಿಂತ ಮೊದಲು ಬರಬೇಕು. ಅಂಗೈಯ ಇಷ್ಟಲಿಂಗವನ್ನು ಮನೆಯಲ್ಲೇ ಕುಳಿತು ಪೂಜಿಸುವ ಧರ್ಮ ನಮ್ಮದು. ಪೂಜೆಗೆ ಜನಜಂಗುಳಿ ಬೇಕೆಂದು ಬಸವಣ್ಣನವರು ನಮಗೆ ಕಲಿಸಿದ್ದಾರೆಯೆ?

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಆ ಮೇ ತಿಂಗಳಲ್ಲಿ ಮುಂಬೈ, ಪುಣೆಗಳಿಂದ ಚಿಂಚೋಳಿ, ಸೇಡಂ, ಚಿತ್ತಾಪುರದ ಹಳ್ಳಿ-ತಾಂಡಾಗಳಿಗೆ ಕೂಲಿಯವರು ಮರಳಿದರು. ಶಾಲೆ, ವಸತಿನಿಲಯಗಳೇ ಕ್ವಾರಂಟೈನ್ ಕೇಂದ್ರಗಳಾದವು. ಹದಿನಾಲ್ಕು ದಿನ ದೂರವಿರಿ ಎಂದದ್ದು ವೈದ್ಯಶಾಸ್ತ್ರ, ಅದು ಸರಿ. ಆದರೆ ಹದಿನಾಲ್ಕು ದಿನ ಮುಗಿದ ಮೇಲೂ ಅವರ ಕೈಯಿಂದ ನೀರು ಮುಟ್ಟದಿದ್ದರೆ ಅದನ್ನು ಏನೆಂದು ಕರೆಯೋಣ? ಜಾತಿ, ಜನನ, ಮರಣ, ರಜಸ್ಸು, ಉಚ್ಛಿಷ್ಟ ಎಂಬ ಪಂಚಸೂತಕಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲೇ ತೊಡೆದುಹಾಕಿದರು. ಆರನೆಯದೊಂದನ್ನು ನಾವು ಸೇರಿಸಿದೆವು. ಒಂದು ಸಮುದಾಯವನ್ನೇ ರೋಗವೆಂಬಂತೆ ಬಿಂಬಿಸಿದ ಮೊಬೈಲ್ ಸಂದೇಶಗಳನ್ನು ಹಣೆಗೆ ವಿಭೂತಿ ಧರಿಸಿದವರೂ ಮುಂದೆ ಕಳಿಸಿದರು. ಅಂತರಕ್ಕೆ ಅವಧಿ ಇದೆ, ಕಾರಣ ಇದೆ. ಸೂತಕಕ್ಕೆ ಎರಡೂ ಇಲ್ಲ.

ಸಾವಿನ ವಿಷಯದಲ್ಲಂತೂ ಹೇಳುವುದೇ ಬೇಡ. ಲಿಂಗೈಕ್ಯರಾದವರಿಗೆ ಸೂತಕವಿಲ್ಲ ಎನ್ನುವವರು ನಾವು. ಹೆತ್ತವರ ದೇಹವನ್ನು ಮಕ್ಕಳೇ ಪಡೆಯಲು ಹಿಂಜರಿದಾಗ, ರಕ್ಷಣಾ ಕವಚ ತೊಟ್ಟ ಅಪರಿಚಿತ ಸ್ವಯಂಸೇವಕರು ಜಾತಿ ಕೇಳದೆ ಗುಂಡಿ ತೋಡಿ ಮಣ್ಣು ಮಾಡಿದರು. ಅವರಲ್ಲಿ ಹಲವರು ಮುಸ್ಲಿಂ ಯುವಕರು. ನನ್ನ ಮಟ್ಟಿಗೆ ಆ ದಿನಗಳ ನಿಜವಾದ ಜಂಗಮರು ಅವರೇ.

ಹೊಸ ರೋಗ ಬರುವ ಮೊದಲೇ ಮಾಡಬೇಕಾದ ಕೆಲಸಗಳಿವೆ. ಪ್ರತಿ ಜಾತ್ರಾ ಸಮಿತಿ ತನ್ನ ನಡಾವಳಿಯಲ್ಲಿ ಈಗಲೇ ಒಂದು ಠರಾವು ಬರೆದಿಡಲಿ: ಸೋಂಕು ಹಬ್ಬಿರುವುದಾಗಿ ಜಿಲ್ಲಾಡಳಿತ ಘೋಷಿಸಿದ ದಿನವೇ ತೇರು ನಿಲ್ಲುತ್ತದೆ, ಅದರ ಖರ್ಚಿನ ಹಣ ದಾಸೋಹಕ್ಕೆ ಹೋಗುತ್ತದೆ. ಮಠದ ಪ್ರಸಾದನಿಲಯದಲ್ಲಿ ಎಷ್ಟು ಕೋಣೆ, ಎಷ್ಟು ಶೌಚಾಲಯ ಇವೆಯೆಂದು ತಾಲ್ಲೂಕು ಆರೋಗ್ಯಾಧಿಕಾರಿಗೆ ಪತ್ರ ಕೊಟ್ಟು, ಊರಿಗೆ ಮರಳುವವರು ಯಾವ ತಾಂಡಾದವರಾದರೂ ಅಲ್ಲಿ ಇರಬಹುದು ಎಂದು ಬರೆಯಲಿ. ಪ್ರತಿ ಮಠದಿಂದ ಹತ್ತು ಯುವಕರು ಸೋಂಕಿತರ ಶವಸಂಸ್ಕಾರದ ಸುರಕ್ಷಾ ಕ್ರಮಗಳನ್ನು ಆರೋಗ್ಯ ಇಲಾಖೆಯವರಿಂದ ಕಲಿಯಲಿ. ಮುಂದಿನ ಶ್ರಾವಣದ ಪ್ರವಚನಕ್ಕೆ ಆಶಾ ಕಾರ್ಯಕರ್ತೆಯೊಬ್ಬರನ್ನು ವೇದಿಕೆಗೆ ಕರೆದು, ಒಂದು ಸಂಜೆಯನ್ನು ಅವರಿಗೇ ಬಿಟ್ಟುಕೊಡಲಿ.